ಓಬಮ್ಮ, ಗಂ. ಮಲ್ಲಪ್ಪ

ನನ್ನ ಕೆಲಸ ಅರ್ಜಿ ಬರೆಯುವುದು. ತಾಲೂಕು ಕಚೇರಿಯ ಕಂಪೌಂಡಿಗೆ ತಾಗಿ ಒಂದು ಬೇವಿನ ಮರ, ಮರದ ಕೆಳಗೆ ಟೇಬಲ್ಲು, ಟೇಬಲ್ಲಿನ ಹಿಂದೆ ಶಿವಯೋಗಪ್ಪನಾದ ನಾನು. ಯಾವ ಊರಿನ ಕಚೇರಿ ಎಂದು ಮಾತ್ರ ಹೇಳುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇವುಗಳ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಹೆಸರು ಹೇಳಿದರೆ ನಾಳೆ ಬೆಳಿಗ್ಗೆ ನನ್ನ ಟೇಬಲ್ಲು ರಸ್ತೆಯಲ್ಲಿರುತ್ತದೆ.

ಇಪ್ಪತ್ತು ವರ್ಷ ಸರ್ಕಾರದ ಕನ್ನಡ ಬರೆದು ಬರೆದು ನನಗೊಂದು ಕೆಟ್ಟ ಚಟ ಅಂಟಿಕೊಂಡಿದೆ. ಪ್ರಶ್ನೆ ಕೇಳುವುದು. 'ಕೆಳಗೆ ಸಹಿ ಮಾಡಿದ ನಾನು' ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯುತ್ತೇವಲ್ಲ, ಆ ಹೊತ್ತಿಗೆ ಆ ಮನುಷ್ಯ ಸಹಿ ಎಲ್ಲಿ ಮಾಡಿರುತ್ತಾನೆ? ಪಿಂಚಣಿಯ ಮುದುಕ ಎಂಟು ಮೈಲಿ ನಡೆದು ಬಂದು ಎದುರಿಗೇ ನಿಂತು ಕೆಮ್ಮುತ್ತಿರುವಾಗ, ಅವನು ಬದುಕಿದ್ದಾನೆ ಎನ್ನಲು ಇನ್ನಿಬ್ಬರ ಸಾಕ್ಷಿ ಯಾಕೆ? 'ಸಾಹೇಬ್ರು ಬಂದೇ ಬಿಟ್ರು' ಎಂದು ಜವಾನ ಹೇಳಿದರೆ ಸಾಹೇಬರು ಇನ್ನೂ ಬಂದಿಲ್ಲ ಎಂದರ್ಥ. ನಿಜವಾಗಿ ಬಂದಾಗ ಅವನು ಏನೂ ಹೇಳುವುದಿಲ್ಲ, ಬೀಡಿ ಆರಿಸುತ್ತಾನೆ. ಇಂಥವನ್ನೆಲ್ಲ ಕೇಳಿ ಕೇಳಿ, ಒಳಗಿನ ಗುಮಾಸ್ತ ಸೋಮಶೇಖರನಿಂದ 'ಪ್ರಶ್ನೆಪತ್ರಿಕೆ' ಎಂಬ ಬಿರುದು ಪಡೆದಿದ್ದೇನೆ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು 'ಗಂ.' ಎಂಬುದು. ನಮ್ಮ ಕಡೆ ಕಾಗದಪತ್ರದಲ್ಲಿ ಮದುವೆಯಾದ ಹೆಂಗಸಿನ ಹೆಸರಿನ ಮುಂದೆ 'ಗಂ.' ಎಂದು ಹಾಕಿ ಗಂಡನ ಹೆಸರು ಬರೆಯಬೇಕು. ಗಂಡಸಿನ ಹೆಸರಿನ ಮುಂದೆ 'ಹೆಂ.' ಎಂದು ಬರೆದದ್ದನ್ನು ಯಾರಾದರೂ ನೋಡಿದ್ದೀರಾ? ಸೋಮಶೇಖರನನ್ನು ಕೇಳಿದರೆ, "ಹಂಗ ಬರದ್ರ ಯಾರೋ ಕೆಮ್ಮಿದಂಗ ಕಾಣ್ತೈತ್ರಿ" ಎಂದು ನಕ್ಕ.

ಎರಡು ಸಾವಿರನೇ ಇಸವಿಯ ಜನವರಿ. ಪ್ರಪಂಚ ಮುಳುಗುತ್ತದೆ ಎಂದು ಎಲ್ಲರೂ ಹೆದರಿಸಿ, ಅದು ಮುಳುಗದೆ, ಜನರಿಗೆಲ್ಲ ಸ್ವಲ್ಪ ಬೇಸರವಾಗಿತ್ತು. ಆಗ ಓಬಮ್ಮ ಬಂದಳು. ತಂಬ್ರಹಳ್ಳಿಯ ಆಚೆಯ ಒಂದು ಹಳ್ಳಿಯವಳು. ಹಡಗಲಿಯಿಂದ ಮೊದಲ ಬಸ್ಸಿಗೆ ಬರುವ ಮಲ್ಲಿಗೆ ಹಿಡಿದು, ಕಟ್ಟಿ, ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಾಳೆ. ಗಂಡ ಕುರಿ ಕಾಯುವವನು. ಸ್ವಂತ ಮನೆ ಇಲ್ಲ. ಗಂಡನ ಅಣ್ಣನ ದನದ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಗೋಣಿತಟ್ಟು ಇಳಿಬಿಟ್ಟುಕೊಂಡು ಸಂಸಾರ. ತಟ್ಟಿನ ಆ ಕಡೆ ಎತ್ತು, ಈ ಕಡೆ ಹದಿನೈದು ವರ್ಷದ ಮಗಳು ರೋಜಾ.

ಬುಟ್ಟಿ ಇಳಿಸಿ ನನ್ನ ಮುಂದೆ ಒಂದು ಕಾಗದ ಇಟ್ಟಳು. ಮನೆಯಿಲ್ಲದವರಿಗೆ ಸರ್ಕಾರ ಕೊಡುವ ಆಶ್ರಯ ಮನೆಗೆ ಹಾಕಿದ್ದ ಅರ್ಜಿಗೆ ಬಂದ ಉತ್ತರ. 'ಓಬಮ್ಮ ಗಂ. ಮಲ್ಲಪ್ಪ, ಸದರಿಯವರ ಗಂಡನ ಕುಟುಂಬಕ್ಕೆ ಈಗಾಗಲೇ ಮನೆ ಮಂಜೂರಾಗಿರುವುದರಿಂದ ಅರ್ಜಿ ತಿರಸ್ಕರಿಸಿದೆ.'

"ನಿನ್ನ ಗಂಡಗ ಮನಿ ಕೊಟ್ಟಾರಂತಲ್ಲವ್ವ. ಮತ್ತ್ಯಾಕ ಇನ್ನೊಂದು?"

"ಮಲ್ಲಪ್ಪಗ ಕೊಟ್ಟಾರ್ರಿ ಯಣ್ಣಾ. ಮಲ್ಲಪ್ಪ ನಮ್ಮೂರ ಕಿರಾಣಿ ಅಂಗಡಿಯಾವ, ಭರಮಮ್ಮನ ಗಂಡ. ಅವಂಗೂ ನನಗೂ ಏನ್ ಸಂಬಂಧ್ರಿ? ಈ ಕಾಗದದಾಗಿನ ಸುದ್ದಿ ಯಾರ ಬಾಯಿಂದಲೋ ಕೇಳಿ ಭರಮಮ್ಮ ನಿನ್ನಿ ನಮ್ಮ ಬಾಗಲ ಮುಂದ ಮಣ್ಣು ತೂರಿ ಬೈದು ಹೋದ್ಳು."

"ಹಂಗಾದ್ರ ನಿನ್ನ ಗಂಡನ ಹೆಸರೇನು?"

ಓಬಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಹೇಳವ್ವ, ಬರಕೊಂತೀನಿ."

"ಅದರಿ... ಬುಟ್ಟ್ಯಾಗ ಐತಲ್ರಿ, ಅದು."

"ಮಲ್ಲಿಗಿ?"

"ಬರೇ ಮಲ್ಲಿಗಿ ಅಲ್ರಿ. ಮಲ್ಲಿಗಿ, ಕಾಕಡ, ಸ್ಯಾವಂತಿಗಿ, ಎಲ್ಲಾ ಕೂಡಿ ಏನಂತೀರಿ? ಅದರ ಮುಂದ ಅಪ್ಪ ಹಚ್ರಿ."

"ಹೂವಪ್ಪ?"

ಅತ್ತ ಇತ್ತ ನೋಡಿ ತಲೆಯಾಡಿಸಿದಳು. ನನಗೆ ಎಲ್ಲ ತಿಳಿಯಿತು. ಎರಡು ವರ್ಷದ ಹಿಂದೆ ಮನೆಯಿಲ್ಲದವರ ಪಟ್ಟಿ ಮಾಡಲು ಬಂದವನಿಗೂ ಇವಳು ಇದೇ ಒಗಟು ಹಾಕಿದ್ದಾಳೆ. ಆ ಮಹಾನುಭಾವನಿಗೆ ಊಟದ ಹೊತ್ತಾಗಿತ್ತೋ ಏನೋ, ಮಲ್ಲಿಗೆಯ ಹತ್ತಿರವೇ ನಿಂತುಬಿಟ್ಟ. ಮಲ್ಲಿಗೆಗೆ ಅಪ್ಪ ಸೇರಿಸಿ ಮಲ್ಲಪ್ಪ ಎಂದು ಬರೆದುಕೊಂಡು ಎದ್ದ. ಸರ್ಕಾರ ಅಷ್ಟು ಸಲೀಸಾಗಿ ಓಬಮ್ಮನಿಗೆ ಇನ್ನೊಂದು ಮದುವೆ ಮಾಡಿಸಿತು.

ಮಾತಾಡಿಸುತ್ತ ಹೋದಂತೆ ನನ್ನ ಚಟಕ್ಕೆ ಹಬ್ಬವಾಯಿತು. ಹದಿನೆಂಟು ವರ್ಷದಿಂದ ಹೂವು ಮಾರುತ್ತಿರುವ ಈ ಹೆಂಗಸು ಒಂದು ಸಲವೂ ಹೂವು ಎಂದಿಲ್ಲ. ಹೂಕೋಸಿಗೆ 'ಬೆಳ್ಳನ ಕೋಸು' ಅನ್ನುತ್ತಾಳೆ. ಹೂರಣಕ್ಕೆ 'ಹೋಳಿಗಿ ಒಳಗಿಂದು'.

"ಹೂಂ ಅಂತರ ಅಂತೀಯೋ ಇಲ್ಲೋ?" ಎಂದೆ.

"ಹಾಂ ಅಂತೀನ್ರಿ," ಎಂದಳು.

ತಿದ್ದುಪಡಿಗೆ ಅರ್ಜಿ ಬರೆದು ಅವಳನ್ನು ಕರೆದುಕೊಂಡು ಒಳಗೆ ಹೋದೆ. ಸೋಮಶೇಖರ ಓದಿ ಕನ್ನಡಕ ತೆಗೆದ. "ಅರ್ಜಿದಾರರು ಖುದ್ದು ಬಾಯಿಂದ ಹೇಳ್ಬೇಕ್ರಿ."

"ಹೂವಪ್ಪ ಅಂತ ನಾನ ಹೇಳಾಕತ್ತೀನಲ್ಲ."

"ನಿಮ್ಮ ಗಂಡನೇನ್ರಿ ಅವ?"

ಮೂವರೂ ಸಾಹೇಬರ ಕೋಣೆಗೆ ಹೋದೆವು. ಸಾಹೇಬರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ನಮ್ಮ ಭಾಷೆ ಅರ್ಧ ಅರ್ಥವಾಗದಿದ್ದರೂ ಪೂರ್ತಿ ನಗುತ್ತಿದ್ದರು. ವಿಷಯ ಕೇಳಿ ಅವರಿಗೊಂದು ಉಪಾಯ ಹೊಳೆಯಿತು.

"ನಾನು ಹೇಳೋ ಹೆಸರನ್ನ ತಿರುಗಿ ಹೇಳಮ್ಮ. ನಾಗಪ್ಪ."

"ನಾಗಪ್ಪ."

"ಹುಲುಗಪ್ಪ."

"ಹುಲುಗಪ್ಪ."

"ಮಲ್ಲಪ್ಪ."

"ಮಲ್ಲಪ್ಪ, ಮಲ್ಲಪ್ಪ, ಮಲ್ಲಪ್ಪ. ನೂರ ಸಲ ಬೇಕಾದ್ರೂ ಅಂತೀನ್ರಿ, ನಂದೇನ್ ಹೋಗತೈತಿ?"

"ಹೂವಪ್ಪ."

ಓಬಮ್ಮ ನೆಲ ನೋಡುತ್ತ ನಿಂತಿದ್ದಳು.

"ನೋಡಿದ್ರ್ಯಾ ಸಾರ್," ಎಂದೆ ನಾನು. "ಮಲ್ಲಪ್ಪ ಅಂತ ಮೂರು ಸಲ ಅಂದ್ಳು, ಅದಕ್ಕ ಅವ ಗಂಡ ಅಲ್ಲ. ಹೂವಪ್ಪ ಅನ್ನಲಿಲ್ಲ, ಅದಕ್ಕ ಅವನೇ ಗಂಡ. ಇದಕ್ಕಿಂತ ದೊಡ್ಡ ದಾಖಲೆ ಬೇಕ್ರ್ಯಾ?"

ಸಾಹೇಬರು ಹೌದೆನ್ನುವಂತೆ ಸೋಮಶೇಖರನ ಕಡೆ ನೋಡಿದರು. ಅವನು ಫಾರಂ ತಿರುಗಿಸಿ ತಿರುಗಿಸಿ ಹುಡುಕಿದ. "ಸಾರ್, ಸುಮ್ಮನಿದ್ದದ್ದನ್ನ ಬರಿಯಾಕ ಇದ್ರಾಗ ಕಾಲಂ ಇಲ್ರಿ."

ಕಾಲಂ ಇಲ್ಲದ್ದು ಈ ಲೋಕದಲ್ಲಿಯೂ ಇಲ್ಲ. ಸಾಹೇಬರು ನಗು ನಿಲ್ಲಿಸಿ ಹೇಳಿದರು: ಈ ತಿಂಗಳ ಕೊನೆಯೊಳಗೆ ಆಯಮ್ಮ ಬಾಯಿ ಬಿಡಬೇಕು, ಇಲ್ಲವೇ ಗಂಡನೇ ಬಂದು ಹೇಳಬೇಕು. ಎರಡೂ ಆಗದಿದ್ದರೆ ಮನೆ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ.

ಮರದ ಕೆಳಗೆ ಬಂದ ಮೇಲೆ ನಾನು ಅವಳಿಗೆ ಚೆನ್ನಾಗಿ ಬೈದೆ. ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುವುದಾದರೆ, ಬಾಗಿಲಲ್ಲಿ ನಿಂತು ದಿನವೆಲ್ಲ ಹೆಸರು ಕೂಗುವ ನಮ್ಮ ಜವಾನ ಇಷ್ಟೊತ್ತಿಗೆ ಇಡೀ ತಾಲೂಕನ್ನು ಖಾಲಿ ಮಾಡಿರಬೇಕಿತ್ತು ಎಂದೆ. ಅವಳು ನಗಲಿಲ್ಲ.

"ಕೂಗಾವ್ರ ಬ್ಯಾರೆ, ಕಟ್ಟಿಕೊಂಡಾಕಿ ಬ್ಯಾರೆ ಅಲ್ರ್ಯಾ ಯಣ್ಣಾ? ಅವ್ರು ಸಿಂಧನೂರ ಕಡಿ ಕುರಿ ಹೊಡಕೊಂಡು ಹೋಗ್ಯಾರ. ಗದ್ದಿ ಕೊಯ್ದ ಹೊಲದಾಗ ಮಲಗ್ತಾರ. ಹುಳ ಅದಾವ, ಹುಪ್ಪಡಿ ಅದಾವ, ರಸ್ತೆದಾಗ ಲಾರಿ. ಇಲ್ಲಿ ನಾ ಮನಿ ಆಸಿಗೆ ಬಾಯಿ ಬಿಟ್ಟು, ಅಲ್ಲಿ ಅವ್ರಿಗೆ ಏನರ ಆದ್ರ? ಆ ಮನ್ಯಾಗ ನಾ ಹೆಂಗ ಇರ್ಲಿ?"

ಇದು ಮೂಢನಂಬಿಕೆ ಎಂದು ವಾದಿಸಲು ನನ್ನಲ್ಲಿ ಬೇಕಾದಷ್ಟು ಮಾತಿತ್ತು. ಆದರೆ ನಿಜ ಹೇಳಿಬಿಡುತ್ತೇನೆ. ನನ್ನ ಹೆಂಡತಿ ದಾಕ್ಷಾಯಣಮ್ಮನೂ ಇಪ್ಪತ್ತಾರು ವರ್ಷದಿಂದ ನನ್ನ ಹೆಸರು ಹೇಳಿಲ್ಲ. ಮಠದಲ್ಲಿ ಶಿವಯೋಗದ ಪ್ರವಚನವಿದ್ದರೆ 'ಅದರದು ಪ್ರವಚನ ಐತಿ' ಎಂದಷ್ಟೇ ಹೇಳಿ ಹೋಗುತ್ತಾಳೆ. ನಾನು ಇಷ್ಟೆಲ್ಲ ಪ್ರಶ್ನೆ ಕೇಳುವವನು, ಅವಳನ್ನು ಮಾತ್ರ ಯಾಕೆ ಎಂದು ಕೇಳಿಲ್ಲ. ಕೇಳದೇ ಇದ್ದದ್ದು ಒಳಗೊಳಗೆ ಹಿತವಾಗಿತ್ತು. ಇಷ್ಟು ಹೇಳಿದ ಮೇಲೆ ನಾನು ಓಬಮ್ಮನಿಗೆ ಯಾವ ಬಾಯಿಂದ ಬುದ್ಧಿ ಹೇಳಲಿ?

ಸಿಂಧನೂರಿಗೆ ಹೋಗುವ ಲಾರಿ ಡ್ರೈವರುಗಳಿಗೆಲ್ಲ ಹೇಳಿ ಕಳಿಸಿದೆವು. ಓಬಮ್ಮ ದಿನಾ ಮಧ್ಯಾಹ್ನ ಬುಟ್ಟಿ ಖಾಲಿಯಾದ ಮೇಲೆ ಬಂದು, "ಏನರ ಸುದ್ದಿ ಬಂತ್ರ್ಯಾ?" ಎಂದು ಕೇಳುತ್ತಿದ್ದಳು. ಕೊನೆಗೆ ತಿಂಗಳು ಮುಗಿಯಲು ಒಂದೇ ದಿನ ಇರುವಾಗ ಹೂವಪ್ಪ ಬಂದ. ಹೆಗಲ ಮೇಲೆ ಕಂಬಳಿ, ತಲೆಗೆ ಕೆಂಪು ರುಮಾಲು, ಗಟ್ಟಿ ಆಳು. ಹೆಂಡತಿಯ ಮೌನದಲ್ಲಿ ಅವನ ಆಯುಷ್ಯ ಚೆನ್ನಾಗಿಯೇ ಬೆಳೆದಿತ್ತು.

ಸೋಮಶೇಖರ ಪೆನ್ನು ಹಿಡಿದ. "ಹೆಸರು?"

"ಹೂವಪ್ಪ ರೀ!" ಇಡೀ ಕಚೇರಿಗೆ ಕೇಳಿಸಿತು. ಓಬಮ್ಮನ ಮುಖ ಅರಳಿತು. ಗೋಡೆಯ ಹತ್ತಿರ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು.

"ಹೆಂಡತಿ ಹೆಸರು?"

"ಇಕಿನ ನೋಡ್ರಿ, ನಿಂತಾಳಲ್ಲ."

"ಕಾಣ್ತೈತಿ ಮಾರಾಯ. ಹೆಸರೇನು?"

"ರೋಜಾನ ಅವ್ವ."

"ಅದು ನಿನ್ನ ಮಗಳ ಹೆಸರಾತು."

ಹೂವಪ್ಪ ರುಮಾಲಿನೊಳಗೆ ಬೆರಳು ಹಾಕಿ ಕೆರೆದುಕೊಂಡ. "ಮನ್ಯಾಗ ಹೆಸರು ಯಾಕ ಬೇಕಾಗತೈತ್ರಿ? ಏಯ್ ಅಂದ್ರ ಬರ್ತಾಳ."

"ಇಲ್ಲಿ ಬೇಕು."

"ಕರಿಯಕ್ಕ..." ಎಂದು ಶುರುಮಾಡಿ ತಡೆದ. "ಅಲ್ಲಲ್ಲ, ಅದು ನಮ್ಮತ್ತಿ ಹೆಸರು. ಇಕಿದು... ತಡೀರಿ..." ಎಷ್ಟು ಹೊತ್ತಾದರೂ ಬರಲಿಲ್ಲ. ಅವನಿಗೆ ಗೊತ್ತೇ ಇಲ್ಲ ಎಂದು ನಾನು ಹೇಳುವುದಿಲ್ಲ, ಮದುವೆಯಲ್ಲಿ ಒಂದು ಸಲವಾದರೂ ಕೇಳಿರಬೇಕು. ಹದಿನೆಂಟು ವರ್ಷ ಬಳಸದೇ ಇಟ್ಟದ್ದು ಬೇಕೆಂದಾಗ ಕೈಗೆ ಸಿಗಲಿಲ್ಲ. ಕೊನೆಗೆ ಗೋಡೆಯ ಕಡೆ ತಿರುಗಿದ. "ಏಯ್, ನಿನ್ನ ಹೆಸರೇನ ಹೇಳ."

ಕಚೇರಿಗೆ ಕಚೇರಿಯೇ ನಕ್ಕಿತು. ಜವಾನ ನಕ್ಕ, ಸಾಲಿನಲ್ಲಿ ನಿಂತವರು ನಕ್ಕರು, ನಾನೂ ನಕ್ಕೆ. ಆಮೇಲೆ ಓಬಮ್ಮನ ಮುಖ ನೋಡಿದೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಸೋಮಶೇಖರ ಪೆನ್ನಿಗೆ ಕ್ಯಾಪು ಹಾಕಿದ. "ಹೆಂಡತಿ ಗಂಡನ ಹೆಸರು ಹೇಳಂಗಿಲ್ಲ, ಗಂಡಗ ಹೆಂಡತಿ ಹೆಸರು ಬರಂಗಿಲ್ಲ. ನೀವಿಬ್ರೂ ಗಂಡ ಹೆಂಡತಿ ಅಂತ ನಾ ಹೆಂಗ ಬರೀಲಿ? ಮಲ್ಲಪ್ಪನ ಇರ್ಲಿ ಬಿಡ್ರಿ, ಮನಿ ಮುಂದಿನವ್ರಿಗೆ ಹೋಗ್ಲಿ."

ಓಬಮ್ಮ ಬಾಯಿಯ ಮೇಲಿನ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಟೇಬಲ್ಲಿನ ಹತ್ತಿರ ಬಂದಳು.

"ಬರಕೊಳ್ರಿ. ನನ್ನ ಹೆಸರು ಓಬಮ್ಮ. ಇವನ ಹೆಸರು ಹೂವಪ್ಪ. ಕೇಳಿಸಲಿಲ್ಲಂದ್ರ ಇನ್ನೊಮ್ಮೆ ಅಂತೀನಿ. ಹೂವಪ್ಪ."

ನನ್ನ ಕಿವಿಗೆ ಮೊದಲು ತಾಗಿದ್ದು ಹೆಸರಲ್ಲ. 'ಇವನ' ಎಂದಳಲ್ಲ, ಅದು. ಆ ತಿಂಗಳಿಡೀ ಗಂಡನ ವಿಷಯಕ್ಕೆ ಅವಳ ಬಾಯಲ್ಲಿ 'ಅವ್ರು' ಬಿಟ್ಟು ಬೇರೆ ಮಾತು ನಾನು ಕೇಳಿರಲಿಲ್ಲ.

ಹೂವಪ್ಪನ ಕೈ ತಾನೇ ತಾನಾಗಿ ಎದೆಯ ಮೇಲೆ ಹೋಯಿತು. ನಾವೆಲ್ಲ ಅವನನ್ನೇ ನೋಡಿದೆವು. ಸೋಮಶೇಖರನೂ ಬರೆಯುವುದು ಬಿಟ್ಟು ನೋಡಿದ, ಮೊನ್ನೆ ಇದನ್ನೆಲ್ಲ ಹಳ್ಳಿಯವರ ಹುಚ್ಚು ಎಂದಿದ್ದವನು. ಹೂವಪ್ಪನಿಗೆ ಏನೂ ಆಗಲಿಲ್ಲ. ಒಂದು ಸಲ ಕೆಮ್ಮಿದ, ಅಷ್ಟೇ. ಸೋಮಶೇಖರ ಮಲ್ಲಪ್ಪನ ಮೇಲೆ ಅಡ್ಡಗೆರೆ ಎಳೆದು ಹೂವಪ್ಪ ಎಂದು ಬರೆದ. ಓಬಮ್ಮ ಹೆಬ್ಬೆಟ್ಟು ಒತ್ತಿದಳು. ಸಾಹೇಬರು ಸಹಿ ಹಾಕಿ, ಮನೆ ಬಂತು ಎಂದುಕೊಳ್ಳಮ್ಮ ಎಂದರು. ಅವಳು ಕೈ ಮುಗಿದು ಹೊರಗೆ ಬಂದಳು. ಖುಷಿಪಟ್ಟಂತೆ ನನಗೆ ಕಾಣಲಿಲ್ಲ.

ಮರದ ಕೆಳಗೆ ಇಟ್ಟಿದ್ದ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಗೇಟಿನ ಕಡೆ ನಡೆದಳು. ಹೂವಪ್ಪ ಹತ್ತು ಹೆಜ್ಜೆ ಹಿಂದೆ. ಮುಖ ಸಣ್ಣದಾಗಿತ್ತು.

"ಓಬಮ್ಮ," ಎಂದು ಕರೆದ. ಹೊಸ ಚಪ್ಪಲಿ ಮೆಟ್ಟಿದವನಂತೆ ಆ ಹೆಸರಿನ ಮೇಲೆ ಅಳುಕುತ್ತ ಕಾಲಿಟ್ಟ.

ಅವಳು ತಿರುಗಲಿಲ್ಲ.

"ಓಬಮ್ಮ!" ಇನ್ನೂ ಗಟ್ಟಿಯಾಗಿ.

ಅವಳು ನಡೆಯುತ್ತಲೇ ಇದ್ದಳು. ಸಿಟ್ಟಿರಬೇಕು, ಇರಲಿ, ಅವನಿಗೆ ಹಾಗೇ ಆಗಬೇಕು ಎಂದುಕೊಂಡೆ. ಸಿಟ್ಟಾಗಿರಲಿಲ್ಲ. ಆ ದನಿಯಲ್ಲಿ ಆ ಹೆಸರನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಯಾರೋ ಗಂಡಸು ಯಾವಳೋ ಓಬಮ್ಮನನ್ನು ಕರೆಯುತ್ತಿದ್ದಾನೆ, ತನಗೇನು ಎಂಬಂತೆ ಹೋಗುತ್ತಿದ್ದಳು.

ಹೂವಪ್ಪ ನಿಂತ. ಸುತ್ತಲೂ ನೋಡಿದ, ನನ್ನನ್ನೂ ನೋಡಿದ. ಆಮೇಲೆ ಮೆಲ್ಲಗೆ, "ಏಯ್," ಎಂದ.

ಓಬಮ್ಮ ತಟ್ಟನೆ ತಿರುಗಿದಳು.