ಸರಿ ಮಾಡಿಟ್ಟ ವಾಚು

ನಮ್ಮ ಯಜಮಾನರಿಗೆ ಹಳೇ ವಾಚುಗಳ ಹುಚ್ಚು. ಕುಡುಕರನ್ನೂ ಇಸ್ಪೀಟಿನವರನ್ನೂ ಕಟ್ಟಿಕೊಂಡವರ ಗೋಳು ಕೇಳಿ, ನನ್ನ ಪಾಲಿಗೆ ಬಂದದ್ದೇ ವಾಸಿ ಅಂತ ಸುಮ್ಮನಿದ್ದೆ. ಊಟದ ಮೇಜಿನ ಅರ್ಧವನ್ನು ಅವರ ಚಿಮಟ, ಭೂತಗನ್ನಡಿ, ಮುಳ್ಳಿಲ್ಲದ ಡಯಲುಗಳಿಗೆ ಬಿಟ್ಟುಕೊಟ್ಟು, ಉಳಿದರ್ಧದಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣುವುದು ರೂಢಿಯಾಗಿತ್ತು. ಅವರ ಕೆಲಸ ವಿಮಾ ಕಚೇರಿಯಲ್ಲಿ. ವಾಚಿನ ವಿದ್ಯೆ ಕಲಿತದ್ದು ಫೋನಿನಲ್ಲಿ ವಿಡಿಯೋ ನೋಡಿ. ಕಲಿತದ್ದು ಚಿಟಿಕೆಯಷ್ಟು, ಹೇಳಿಕೊಳ್ಳುವುದು ಬೆಟ್ಟದಷ್ಟು.

ಒಮ್ಮೆ ಕಚೇರಿಯ ಬೀಳ್ಕೊಡುಗೆ ಸಮಾರಂಭಕ್ಕೆ ಹೊಸದಾಗಿ ಸಿಕ್ಕ ಹಳೇ ವಾಚು ಕಟ್ಟಿಕೊಂಡು ಹೋದರು. ದೊಡ್ಡ ಡಯಲಿನೊಳಗೆ ಇನ್ನೂ ಮೂರು ಪುಟ್ಟ ಡಯಲು. "ಹಡಗಿನ ಕಪ್ತಾನರು ಕಟ್ತಾ ಇದ್ದಿದ್ದು" ಎಂದು ಸಿಕ್ಕಿದವರ ಮೂಗಿನ ಮುಂದೆಲ್ಲ ಕೈ ಚಾಚಿದ್ದೇ ಚಾಚಿದ್ದು. ಮ್ಯಾನೇಜರರ ಹೆಂಡತಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಈ ಚಿಕ್ಕ ಮುಳ್ಳುಗಳು ಅಲ್ಲಾಡೋದೇ ಇಲ್ವಲ್ಲಾ, ಬರೆದಿರೋದಾ?" ಅಂದರು. ಬರೆದದ್ದೇ! ಅಂದಿನಿಂದ ಕಚೇರಿಯಲ್ಲೂ ಮನೆಯಲ್ಲೂ ಅವರು ಕಪ್ತಾನರು. ಆಮೇಲೆ ಇನ್ನೊಂದನ್ನು ನೀರು ಹೋಗದ ವಾಚೆಂದು ಕಟ್ಟಿಕೊಂಡು ಈಜುಕೊಳಕ್ಕಿಳಿದು, ಗಾಜಿನ ತುಂಬ ಮಂಜು ಹಿಡಿಸಿಕೊಂಡು ಬಂದರು. ಅದನ್ನು ಒಣಗಿಸಲು ನನ್ನ ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಹೇಳುವುದನ್ನೇ ಮರೆತರು. ಬಿದ್ದು ಬಿದ್ದು ನಕ್ಕಿದ್ದೇವೆ. ಆ ತಪ್ಪುಗಳಿಂದ ಯಾರಿಗೂ ನೋವಾಗಿರಲಿಲ್ಲ.

ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ಎರಡು ಬೀದಿ ಆಚೆ ಒಬ್ಬರೇ ಇದ್ದಾರೆ. ಟೈಲರಿಂಗ್ ಅವರ ಕಸುಬು. ಹೊಲಿಗೆ ಮಿಷನ್ನಿನ ಪಕ್ಕ ಒಂದು ಮೊಳೆ, ಆ ಮೊಳೆಗೆ ತೀರಿಹೋದ ಭಾವನವರ ವಾಚು. ಭಾವ ಬಸ್ ಡ್ರೈವರ್ ಆಗಿದ್ದವರು. ಯಾವ ಗೋಡೆ ಗಡಿಯಾರ ಕಂಡರೂ ತಮ್ಮ ವಾಚನ್ನು ಅದಕ್ಕೆ ಹೊಂದಿಸಿಕೊಳ್ಳದಿದ್ದರೆ ಅವರಿಗೆ ಸಮಾಧಾನವಿಲ್ಲ. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆಯೂ ವಾರ್ಡಿನ ಗಡಿಯಾರ ನೋಡಿ ಮುಳ್ಳು ಸರಿಮಾಡಿ, ಕೀ ಕೊಟ್ಟು, ವಾಚನ್ನು ಬಿಚ್ಚಿ ಹೆಂಡತಿಯ ಕೈಗಿಟ್ಟು, "ನಿಲ್ಲೋಕೆ ಬಿಡಬೇಡ" ಅಂದಿದ್ದರಂತೆ. ಅವರು ವಾಪಸು ಬರಲಿಲ್ಲ. ಅತ್ತಿಗೆ ಅದಕ್ಕೆ ಕೀ ಕೊಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದು ಮಲಗಿದರೂ ಬೆಳಿಗ್ಗೆ ಎದ್ದು ಗೋಡೆ ಹಿಡಿದುಕೊಂಡು ಹೋಗಿ ಕೀ ಕೊಟ್ಟು ಬರುತ್ತಿದ್ದರು.

ಆದರೆ ಆ ವಾಚು ಹೇಳುತ್ತಿದ್ದ ಟೈಮನ್ನು ನಂಬಿದವರು ಕೆಟ್ಟರು. ದಿನದಿನಕ್ಕೂ ಒಂದಿಷ್ಟು ಹಿಂದೆ ಬೀಳುತ್ತಾ ಬಿದ್ದು, ನಾವು ಮಧ್ಯಾಹ್ನದ ಊಟಕ್ಕೆ ಕೂತಾಗ ಅದರಲ್ಲಿ ಹಲ್ಲುಜ್ಜುವ ಹೊತ್ತು. ನಮ್ಮವರಿಗೆ ಅದರ ಮೇಲೆ ಮೊದಲಿನಿಂದಲೂ ಕಣ್ಣು. "ಅಕ್ಕಾ, ಕೊಡೇ, ನನ್ನ ಹತ್ರ ಇರ್ಲಿ" ಎಂದು ಎಷ್ಟು ಸಲ ಕೇಳಿದ್ದರೋ. "ನಾನು ಸಾಯ್ಲಿ ತಡಿಯೋ, ಪುಟ್ಟೂ" ಎಂದು ಅತ್ತಿಗೆ ನಕ್ಕುಬಿಡುತ್ತಿದ್ದರು.

ಕಳೆದ ವರ್ಷ ಅತ್ತಿಗೆಗೆ ಸೊಂಟದ ಆಪರೇಷನ್ ಆಯಿತು. ಆಸ್ಪತ್ರೆಯ ಮಂಚದ ಮೇಲೆ ಕೂತು ಅವರೇ ವಾಚನ್ನು ತಮ್ಮನ ಕೈಗೆ ಕೊಟ್ಟರು.

"ದಿನಾ ಬೆಳಿಗ್ಗೆ ಕೀ ಕೊಡು. ನಿಲ್ಲೋಕೆ ಬಿಡಬೇಡ. ಬೇರೆ ಏನೂ ಮುಟ್ಟಬೇಡ, ಆಯ್ತಾ?"

"ನಂಗೇ ಹೇಳ್ಕೊಡ್ತೀಯಾ?" ಅಂದರು ಕಪ್ತಾನರು.

ಪಾಪ, ಕೀ ಕೊಡುವುದನ್ನು ಅವರು ಮರೆಯಲಿಲ್ಲ. ಆದರೆ ತಪ್ಪು ಟೈಮು ತೋರಿಸುವ ವಾಚು ಮನೆಯಲ್ಲಿದ್ದರೆ ಅವರ ಕೈ ಸುಮ್ಮನಿರುವುದುಂಟೇ? ಅಕ್ಕ ಮನೆಗೆ ಬರುವಷ್ಟರಲ್ಲಿ ಖುಷಿಪಡಿಸಬೇಕೆಂದು ಹಿಂಬದಿಯ ಮುಚ್ಚಳ ತೆಗೆದು, ಒಳಗೆ ಓಟದ ವೇಗ ಹೊಂದಿಸುವ ಸಣ್ಣ ಕಡ್ಡಿಯನ್ನು ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ಸರಿಸಿದರು. ಮುಳ್ಳು ತಿರುಗಿಸಿ ಫೋನಿನ ಟೈಮಿಗೆ ಕೂಡಿಸಿದರು. ಜೀವಮಾನದಲ್ಲಿ ಮೊದಲ ಸಲ ಅವರು ರಿಪೇರಿ ಮಾಡಿದ ವಾಚೊಂದು ಸರಿಯಾಗಿ ಓಡಿತು. "ನೋಡು, ಒಂದು ನಿಮಿಷ ಆಚೀಚೆ ಇಲ್ಲ!" ಎಂದು ನನ್ನನ್ನು ಅಡುಗೆಮನೆಯಿಂದ ಕರೆದು ತೋರಿಸಿದರು. ಪರವಾಗಿಲ್ಲವೇ ಕಪ್ತಾನರು ಅಂತ ನಾನೂ ಬೆನ್ನು ತಟ್ಟಿದೆ.

ಅತ್ತಿಗೆ ಮನೆಗೆ ಬಂದ ದಿನ ನಮ್ಮವರು ವಾಚನ್ನು ಹೊಸ ಕರ್ಚೀಫಿನಲ್ಲಿ ಸುತ್ತಿ ಕೊಟ್ಟರು. ಅತ್ತಿಗೆ ಮೊದಲು ಕಿವಿಗಿಟ್ಟುಕೊಂಡರು. ಓಡುತ್ತಿತ್ತು. ಮುಖ ಅರಳಿತು. ಆಮೇಲೆ ಡಯಲು ನೋಡಿದರು, ಗೋಡೆ ಗಡಿಯಾರ ನೋಡಿದರು. ಮತ್ತೆ ಡಯಲು ನೋಡಿದರು.

"ಮುಳ್ಳು ತಿರುಗಿಸಿದ್ಯಾ?"

"ಹೂಂ, ಪೂರ್ತಿ ಸರಿ ಮಾಡಿದೀನಿ. ಇನ್ಮೇಲೆ ಹಿಂದೆ ಬೀಳೋದೇ ಇಲ್ಲ."

ಅತ್ತಿಗೆ ಮಂಚದ ಅಂಚಿನಲ್ಲಿ ಕೂತುಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವರು ಇಟ್ಟ ಟೈಮು ಕಣೋ ಅದು," ಅಂದರು. "ಅವತ್ತು ವಾರ್ಡಲ್ಲಿ ಅವರು ತಿರುಗಿಸಿದ್ದೇ ಕೊನೆ. ಆಮೇಲೆ ಯಾರ ಕೈನೂ ಆ ಮುಳ್ಳಿಗೆ ಸೋಕಿರ್ಲಿಲ್ಲ. ತಪ್ಪೋ ಸರಿಯೋ, ಅವರು ಬಿಟ್ಟ ಜಾಗದಿಂದಲೇ ಓಡ್ತಾ ಇತ್ತು."

ನಮ್ಮವರು ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತರು. "ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕಾ?"

"ನಗ್ತೀರಿ ಅಂತ ಹೇಳ್ಲಿಲ್ಲ. ಮುಟ್ಟಬೇಡ ಅಂತ ಹೇಳಿದ್ನಲ್ಲೋ."

"ಮೊದ್ಲು ಎಲ್ಲಿತ್ತೋ ಅಲ್ಲಿಗೇ ತಿರುಗಿಸಿ ಕೊಡ್ತೀನಿ..."

"ತಿರುಗಿಸೋದು ನಿನ್ನ ಕೈ ತಾನೇ, ಪುಟ್ಟೂ?"

ಬೆನ್ನು ತಟ್ಟಿದ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ, ಟೀ ಮಾಡುತ್ತೇನೆಂದು ಎದ್ದುಹೋದೆ.

ಕೆಲವು ದಿನ ಬಿಟ್ಟು ನೋಡಲು ಹೋದಾಗ ಮಿಷನ್ನಿನ ಪಕ್ಕದ ಮೊಳೆಯಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಹೊರಡುವಾಗ ಅತ್ತಿಗೆ ಅದೇ ಕರ್ಚೀಫಿನ ಗಂಟನ್ನು ತಮ್ಮನ ಜೇಬಿಗೆ ಹಾಕಿದರು. ಒಳಗಿನ ವಾಚು ನಿಂತಿತ್ತು.

"ತಗೊಂಡ್ಹೋಗು. ಎಷ್ಟೋ ಸಲ ಕೇಳಿದ್ದೆಯಲ್ಲ. ಈಗ ಇದು ನಿನ್ನ ವಾಚು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ದಾರಿಯುದ್ದಕ್ಕೂ ಅವರು ಜೇಬಿನ ಮೇಲೆ ಕೈಯಿಟ್ಟುಕೊಂಡೇ ನಡೆದರು. ನಾನು ಅವರನ್ನು ಮತ್ತೆ ಕಪ್ತಾನರೇ ಅಂತ ಕರೆದಿಲ್ಲ.

ಮೇಜು ಈಗ ಪೂರ್ತಿ ಖಾಲಿ. ಚಿಮಟ, ಭೂತಗನ್ನಡಿ ಎಲ್ಲ ಅಟ್ಟ ಸೇರಿವೆ. ಭಾವನವರ ವಾಚೊಂದನ್ನು ಮಾತ್ರ ದಿಂಬಿನ ಪಕ್ಕ ಇಟ್ಟುಕೊಂಡು, ಬೆಳಿಗ್ಗೆ ಎದ್ದಕೂಡಲೇ ಕೀ ಕೊಡುತ್ತಾರೆ.

"ಅಕ್ಕ ಯಾವತ್ತಾದ್ರೂ ವಾಪಸ್ ಕೇಳಿದ್ರೆ ಓಡ್ತಾ ಇರ್ಬೇಕಲ್ಲ" ಅನ್ನುತ್ತಾರೆ.

ಓಡುತ್ತಿದೆ. ಒಂದು ನಿಮಿಷವೂ ಹಿಂದೆ ಬೀಳುವುದಿಲ್ಲ. ಅತ್ತಿಗೆ ಇನ್ನೂ ಕೇಳಿಲ್ಲ.