ಬೀಜಕ್ಕೆ ಎತ್ತಿಟ್ಟ ಗೋಧಿ

ಬೆಳೆ ಲೆಕ್ಕದ ಕಚೇರಿಯಲ್ಲಿ ಒಂದು ಹಳೆಯ ಜಾಣತನವಿತ್ತು. ರೈತರನ್ನು "ಎಷ್ಟು ನೆಲ ಬಿತ್ತುತ್ತೀರಿ?" ಎಂದು ಕೇಳಬಾರದು. ಕೇಳಿದಿರೋ, ತೆರಿಗೆಯವರು ಬಂದರೆಂದು ಬಾಯಿಗೆ ಬೀಗ ಬೀಳುತ್ತದೆ. "ಬೀಜಕ್ಕೆ ಎಷ್ಟು ಗೋಧಿ ಎತ್ತಿಟ್ಟಿದ್ದೀರಿ?" ಎಂದು ಕೇಳಬೇಕು. ಅದನ್ನು ಎಂಥ ಜಿಪುಣನೂ ಮುಚ್ಚಿಡುವುದಿಲ್ಲ, ಎದೆಯುಬ್ಬಿಸಿ ಹೇಳುತ್ತಾನೆ. ಎಕರೆಗೆ ಇಷ್ಟು ಬೀಜ ಎಂಬ ಅಂದಾಜಿನಿಂದ ಭಾಗಿಸಿದರೆ ನೆಲದ ಲೆಕ್ಕ ಕೈಗೆ ಬಂತು. ಈ ಭಾಗಾಕಾರ ಮಾಡಿ ಮಾಡಿಯೇ ನಮ್ಮ ಕಥೆಯ ಸೊಸೆಗೆ ಕನ್ನಡಕ ಬಂದಿದ್ದು.

ಕಚೇರಿಯಲ್ಲಿ ಅವಳು ಮೇಡಂ. ಮನೆಯಲ್ಲಿ, ಅತ್ತೆಯ ಬಾಯಲ್ಲಿ, ಇವತ್ತಿಗೂ "ಹುಡುಗಿ". ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ಬರುವವಳು. ಹೊಲದ ಕಡೆ ತಲೆ ಹಾಕಿದವಳಲ್ಲ. ಹೊಲ ನಮಗಿರಲಿ, ಆಫೀಸು ನಿನಗಿರಲಿ ಎಂದು ಅತ್ತೆಯೇ ಗೆರೆ ಎಳೆದುಬಿಟ್ಟಿದ್ದರು.

ಈ ಸಲ ಪೂರ್ವ ಭಾಗದ ಅಂಕಿಗಳನ್ನು ಕೂಡಿಸಿದವಳು ಮತ್ತೊಮ್ಮೆ ಕೂಡಿಸಿ ನೋಡಿದಳು. ನಾಲೆಯ ಕೊನೆಯ ಹಳ್ಳಿಗಳಲ್ಲಿ ಬೀಜಕ್ಕೆ ಎತ್ತಿಡುವ ಗೋಧಿ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದು ಮೊದಲಿನ ಅರ್ಧಕ್ಕೆ ನಿಂತಿತ್ತು. ಪಶ್ಚಿಮ ಭಾಗದಲ್ಲಿ ಇದ್ದದ್ದು ಇದ್ದ ಹಾಗೇ ಇತ್ತು.

"ಆ ಕಡೆಯವರು ಗೋಧಿಗೆ ಕೈ ಮುಗಿದುಬಿಟ್ಟ ಹಾಗಿದೆಯಲ್ಲಮ್ಮಾ," ಎಂದರು ಕಚೇರಿಯ ಸಾಹೇಬರು. ಕೆಟ್ಟ ಮನುಷ್ಯರಲ್ಲ, ಅಂಕಿ ನಂಬುವ ಮನುಷ್ಯರು. "ಅರ್ಧ ನೆಲಕ್ಕೆ ಪೂರ್ತಿ ನೀರು ಯಾಕೆ? ನಾಳೆ ನಾಲೆಯವರ ಜೊತೆ ಮೀಟಿಂಗಲ್ಲಿ ಹೇಳಿಬಿಡೋಣ. ಅರ್ಧ ನೀರನ್ನ ಪಶ್ಚಿಮದ ನಾಲೆಗೆ ತಿರುಗಿಸ್ತಾರೆ."

ಅವಳ ಗಂಡನ ಮನೆಯ ಹೊಲ ಇರುವುದು ಆ ನಾಲೆಯ ತೀರಾ ಕೊನೆಯ ಹಳ್ಳಿಯಲ್ಲೇ. ಒಮ್ಮೆ ತಿರುಗಿದ ನೀರು ಮತ್ತೆ ಈಚೆ ಬರುವುದು ಕನಸಿನ ಮಾತು. ಆದರೆ ಅಂಕಿಗೆ ಮುಲಾಜಿಲ್ಲ, ಅತ್ತೆ ಮನೆಯೂ ಇಲ್ಲ. ಹೂಂ ಎಂದು ಬಸ್ಸು ಹತ್ತಿದಳು.

ಮನೆಗೆ ಬಂದರೆ ಉಗ್ರಾಣದಲ್ಲಿ ಅತ್ತೆ ಮೊರ ಹಿಡಿದು ಕೂತು ಬೀಜದ ಗೋಧಿ ಕೇರುತ್ತಿದ್ದರು. ಮುರುಕು ಕಾಳನ್ನು ಆರಿಸಿ, ಗಟ್ಟಿ ಕಾಳನ್ನು ಡಬ್ಬಕ್ಕೆ ಸುರಿದು, ಅರ್ಧಕ್ಕೇ ಮುಚ್ಚಳ ಹಾಕಿದರು.

"ಅಷ್ಟೇನಾ ಅತ್ತೆ?"

"ಇನ್ನೆಷ್ಟು ಬೇಕಿತ್ತು ನಿನಗೆ?"

"ಅಂದ್ರೆ... ನಾವೂ ಗೋಧಿ ಬಿಟ್ವಾ?"

ಅತ್ತೆ ಮೊರವನ್ನು ದಡಕ್ಕನೆ ಕೆಳಗಿಟ್ಟರು. "ಯಾವನೇ ಹಾಗಂದೋನು? ಕರ್ಕೊಂಡು ಬಾ ಅವನನ್ನ! ಅಂಗೈಯಗಲ ನೆಲ ಬಿಟ್ಟಿಲ್ಲ ನಾವು. ಬಿಟ್ಟಿದ್ದು ಚೆಲ್ಲೋದನ್ನ ಕಣೇ, ಬಿತ್ತೋದನ್ನಲ್ಲ!"

ಸೊಸೆ ಚೀಲ ಹೆಗಲಲ್ಲಿದ್ದ ಹಾಗೇ ಎದುರು ಕೂತಳು. ಅತ್ತೆ ಶುರು ಮಾಡಿದ ಮೇಲೆ ನಿಲ್ಲಿಸುವವರಲ್ಲ. ಹಿಂದೆ ಮುಷ್ಟಿ ಮುಷ್ಟಿ ಎರಚುತ್ತಿದ್ದರಂತೆ. ಹಕ್ಕಿಯ ಪಾಲು ಹಕ್ಕಿಗೆ, ಉಳಿದದ್ದು ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ದಂಡ. ಈಗ ಕೊಳವೆಯ ತುದಿಗೆ ಆಲಿಕೆ ಸಿಕ್ಕಿಸಿ, ನೇಗಿಲ ಹಿಂದೆಯೇ ನಡೆಯುತ್ತ ಸಾಲಿಗೆ ಕಾಳು ಬಿಡುತ್ತಾರೆ. ಅರ್ಧ ಬೀಜ ಸಾಕು, ತೆನೆ ಮಾತ್ರ ಮೊದಲಿಗಿಂತ ದಪ್ಪ.

"ಮೊದಲ ವರ್ಷ ಊರೆಲ್ಲ ನಕ್ಕಿತ್ತು. ಬೋಳುತಲೆಗೆ ಬಾಚಣಿಗೆ ಹಾಕಿದಾರೆ ಅಂತ. ಸುಗ್ಗಿ ಬಂದಾಗ ನೋಡ್ಬೇಕಿತ್ತು, ಒಬ್ಬೊಬ್ಬರೇ ಬಂದು ಆ ಕೊಳವೆ ಎಲ್ಲಿ ಸಿಗುತ್ತೆ ಅಂತ ಪಿಸುಪಿಸು!"

"ನಿಮಗೆ ಹೇಗೆ ಹೊಳೀತು ಅತ್ತೆ?"

ಅತ್ತೆ ಥಟ್ಟನೆ ಮೊರ ಎತ್ತಿಕೊಂಡರು. "ಹೊಳೀತು ಅಷ್ಟೇ. ಹೋಗು, ಕೈಕಾಲು ತೊಳ್ಕೋ."

ಇದನ್ನೇ ದೀಪದ ಬುಡದಲ್ಲಿ ಕತ್ತಲೆ ಅನ್ನುವುದು. ಊರೂರಿನ ಲೆಕ್ಕ ಬರೆದವಳಿಗೆ ತನ್ನ ಮನೆಯ ಹೊಲ ಹೇಗೆ ಬಿತ್ತುತ್ತಾರೆಂದು ಗೊತ್ತಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಮೊರ ಹಿಡಿದ ಆ ಹೆಂಗಸಿನ ಮೇಲೆ ಅಭಿಮಾನ ಉಕ್ಕಿತು.

ಮರುದಿನ ಮೀಟಿಂಗಿನಲ್ಲಿ ಸಾಹೇಬರು ಬಾಯಿ ತೆರೆಯುವ ಮೊದಲೇ ಅವಳು ಎದ್ದು ನಿಂತಳು. "ಸರ್, ಬೀಜ ಅರ್ಧ ಆಗಿರೋದು ನಿಜ. ನೆಲ ಅರ್ಧ ಆಗಿಲ್ಲ. ನಮ್ಮ ಭಾಗಾಕಾರ ಹಳೇದಾಗಿದೆ."

"ಆಧಾರ ಏನಮ್ಮಾ?" ನಾಲೆಯ ಎಂಜಿನಿಯರು ಹುಬ್ಬೇರಿಸಿದರು.

"ಕೊಯ್ಲಾಗಿ ಕೂಳೆ ಇನ್ನೂ ನಿಂತಿದೆ ಸರ್. ಜೀಪು ತೆಗೀರಿ, ಕಣ್ಣಾರೆ ನೋಡೋಣ."

ನೋಡಿದರು. ಒಂದು ಬದುವಿನಿಂದ ಇನ್ನೊಂದು ಬದುವಿನ ತನಕ, ಹಳ್ಳಿಯಾದ ಮೇಲೆ ಹಳ್ಳಿ, ಗೋಧಿಯ ಕೂಳೆ ಸಾಲು ಹಿಡಿದು ನಿಂತಿತ್ತು. ಖಾಲಿ ಬಿಟ್ಟ ಹೊಲ ಹುಡುಕಿದರೂ ಸಿಗಲಿಲ್ಲ. ಸಾಹೇಬರು ಬೂಟಿಗೆ ಮಣ್ಣು ಮೆತ್ತಿಸಿಕೊಂಡು ಸಾಲುಗಳ ನಡುವೆ ಗೇಣು ಹಾಕಿ ಅಳೆದರು, ಮಗುವಿನ ಹಾಗೆ ಖುಷಿಪಟ್ಟರು. ಎಂಜಿನಿಯರು ಅಲ್ಲೇ ನಿಂತು, ನೀರು ಎಲ್ಲಿದೆಯೋ ಅಲ್ಲೇ ಇರಲಿ ಎಂದುಬಿಟ್ಟರು.

"ಇದು ಶುರುವಾಗಿದ್ದು ಎಲ್ಲಿಂದ ಅಂತ ತಿಳೀಬೇಕಲ್ಲ," ಎಂದರು ಸಾಹೇಬರು. ಕಚೇರಿಗೆ ಹಿಂತಿರುಗಿ ಹಳೆಯ ಹಾಳೆಗಳನ್ನು ಮೇಜಿನ ತುಂಬ ಹರಡಿದರು. ವರ್ಷ ವರ್ಷ ಹಿಂದಕ್ಕೆ ಹೋದಷ್ಟೂ ಬೀಜ ಇಳಿದ ಊರುಗಳು ಕಡಿಮೆಯಾಗುತ್ತ ಬಂದು, ಕೊನೆಯ ಹಳ್ಳಿಯೊಂದೇ ಉಳಿಯಿತು. ಮೊಟ್ಟಮೊದಲ ವರ್ಷ ಇಡೀ ಪ್ರಾಂತ್ಯದಲ್ಲಿ ಒಂದೇ ಒಂದು ಮನೆ ಅರ್ಧ ಬೀಜ ಎತ್ತಿಟ್ಟಿತ್ತು.

"ನಿಮ್ಮ ಮನೆ ಅಲ್ವೇನಮ್ಮಾ ಇದು!"

ಹೌದು. ಅದು ಅವಳ ಮದುವೆಯಾದ ವರ್ಷವೂ ಹೌದು.

ಸಂಜೆ ಅವಳು ಓಡೋಡಿ ಮನೆಗೆ ಬಂದಳು. ಮಾವ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು, ಅತ್ತೆ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದರು. ನೀರು ಉಳಿಯಿತೆಂದು ಕೇಳಿ ಮಾವ ತೊಡೆ ತಟ್ಟಿಕೊಂಡರು. ಅವಳು ಬಿಡಲಿಲ್ಲ. "ಅತ್ತೆ, ನಾನು ಬಂದ ವರ್ಷ ಬೀಜ ಯಾಕೆ ಅರ್ಧ ಆಗಿತ್ತು?"

"ಇಲಿ ತಿಂದ್ವು," ಎಂದರು ಅತ್ತೆ, ಸೊಪ್ಪಿನಿಂದ ತಲೆ ಎತ್ತದೆ.

ಮಾವನಿಗೆ ನಗು ತಡೆಯಲಿಲ್ಲ. "ಎರಡು ಕಾಲಿನ ಇಲಿ."

"ಸುಮ್ನಿರ್ತೀರಾ ಸ್ವಲ್ಪ!"

ಸೊಸೆಗೆ ಆ ದಿನಗಳು ನೆನಪಾದವು. ಮದುವೆಗೆ ಬಂದ ನೆಂಟರು ಇನ್ನೂ ಹೊರಟಿರಲಿಲ್ಲ, ಹಿಟ್ಟು ಮುಗಿದಿತ್ತು, ಅತ್ತೆ ಪರವೂರಿಗೆ ಹೋಗಿದ್ದರು. ಎಲ್ಲರ ಕೈಲಿ ಸೈ ಅನ್ನಿಸಿಕೊಳ್ಳಬೇಕೆಂದು ಅವಳೇ ಉಗ್ರಾಣದ ಮೂಲೆಯ ಮೂಟೆಗಳನ್ನು ಗಿರಣಿಗೆ ಹೊರಿಸಿ, ನುಣ್ಣಗೆ ಬೀಸಿಸಿ, ದಿನವೂ ರಾಶಿ ರಾಶಿ ರೊಟ್ಟಿ ಬೇಯಿಸಿ ಹಾಕಿದ್ದಳು. ಹಿಂತಿರುಗಿ ಬಂದ ಅತ್ತೆ ಉಗ್ರಾಣಕ್ಕೆ ಹೋಗಿ, ಹೊರಗೆ ಬಂದು, ಒಂದು ರೊಟ್ಟಿ ಮುರಿದು ಬಾಯಿಗಿಟ್ಟು ಹೇಳಿದ್ದು ಒಂದೇ ಮಾತು: "ಮೆತ್ತಗಾಗಿದೆ ಕಣೇ, ಚೆನ್ನಾಗಿದೆ."

"ಬೀಜದ ಗೋಧಿನಾ ಅತ್ತೆ ಅದು?" ಅವಳು ಅತ್ತೆಯ ಎದುರು ಬಂದು ಕೂತಳು. "ಅಕ್ಕಪಕ್ಕದವರ ಹತ್ರ ಕೇಳಿ ತರಬಹುದಿತ್ತಲ್ಲ..."

"ಕೇಳೋಕೆ ಹೋದ್ರೆ ಯಾಕೆ ಸಾಲಲಿಲ್ಲ ಅಂತಾರೆ. ಬೀಜ ಬೀಸಿ ತಿಂದ ಸೊಸೆ ಅಂತ ನಿನಗೆ ಸಾಯೋವರೆಗೂ ಹೆಸರು ಬೀಳ್ತಿತ್ತು. ಅದಕ್ಕೇ ಇದ್ದದ್ದನ್ನೇ ಒಂದೊಂದು ಕಾಳು ಎಣಿಸಿದ ಹಾಗೆ ಬಿಟ್ಟು ಇಡೀ ಹೊಲ ಬಿತ್ತಿದ್ವಿ."

"ನನಗಾದ್ರೂ ಒಂದು ಮಾತು ಬೈಬಾರದಿತ್ತಾ?"

ಅತ್ತೆ ಸೊಪ್ಪಿನ ಬುಟ್ಟಿ ಪಕ್ಕಕ್ಕೆ ಸರಿಸಿ ಮೊದಲ ಸಲ ಅವಳ ಮುಖ ನೋಡಿದರು.

"ಬೈದಿದ್ರೆ ನೀನು ಇಷ್ಟು ವರ್ಷ ಈ ಮನೇಲಿ ರೊಟ್ಟಿ ಹೆದರ್ಕೊಂಡೇ ತಿಂತಿದ್ದೆ ಕಣೇ ಹುಡುಗಿ."