ಪಂಖದ ಮೊಳೆ

ಜ್ವಾಳದ ಹೊಲದಾಗ ಹಕ್ಕಿ ಕಾಯೋದು ತಪ್ಪಾ? ನೀವೇ ಹೇಳ್ರಿ. ಕವಣೆ ಬೀಸಿ ಕಲ್ಲು ಒಗೀದಿದ್ರೆ ಗಿಳಿ ಒಂದು ತೆನೆ ಉಳಿಸ್ತಾವಾ? ನನ್ನ ಗಂಡ ಹನುಮಂತಪ್ಪ ಅಟ್ಟಣೆ ಮೇಲೆ ನಿಂತು ಅದನ್ನೇ ಮಾಡ್ತಿದ್ದ. ಅಷ್ಟಕ್ಕೇ ಅವನ ಕೈಗೆ ಬೇಡಿ ಹಾಕಿದ್ರು.

ಆ ವರ್ಷ ನಮ್ಮೂರು ಲೋಕಿಕೆರೆ ಹತ್ತಿಗೆ ಹುಳ ಬಿದ್ದು, ಔಷಧಿ ಹೊಡೆಯಾಕೆ ಸಣ್ಣ ವಿಮಾನ ಬಂದಿತ್ತು. ಹರಿಹರದ ಹತ್ರ ಬಯಲಾಗ ಇಳೀತಿತ್ತು. ಆಯುಧ ಪೂಜೆ ಮರುದಿನ ನಮ್ಮ ಹೊಲದ ಮೇಲೆ ಬಂದಾಗ ಅದರ ಮೂತಿ ಮುಂದಿನ ಪಂಖ ಫಟ್ ಅಂತ ಮುರೀತು. ಪೈಲಟ್ ಸಾಹೇಬ ಹೆಂಗೋ ಬೀಳು ಹೊಲದಾಗ ಇಳಿಸಿದ. ಕೈ ಮುರೀತು, ಪುಣ್ಯಕ್ಕೆ ಜೀವ ಉಳೀತು.

ವಿಮಾನ ಕರೆಸಿದ್ದ ಕಂತ್ರಾಟುದಾರ ವಾಮದೇವಪ್ಪ ಪೊಲೀಸರಿಗೆ ನಮ್ಮ ಕವಣೆ ಎತ್ತಿ ತೋರ್ಸಿ, ಇದರ ಕಲ್ಲೇ ಪಂಖಕ್ಕೆ ಬಡಿದದ್ದು ಅಂದ. ವಿಮಾನ ಬಂದಾಗ ನನ್ನ ಗಂಡ ಕವಣೆ ಕೆಳಗಿಟ್ಟು ಕೈ ಮುಗೀತಿದ್ದ ಅಂತ ನಾನು ಬಾಯಿ ಬಾಯಿ ಬಡ್ಕೊಂಡೆ. ಈ ಬಡ ಕೊಟ್ರವ್ವನ ಮಾತು ಯಾರು ಕೇಳ್ತಾರೆ? ಅವನನ್ನ ದಾವಣಗೆರೆ ಠಾಣೆಗೆ ಎಳಕೊಂಡು ಹೋದ್ರು.

ಜ್ವಾಳದ ಸಾಲೆಲ್ಲ ತಡಕಿ ಮುರಿದ ಪಂಖದ ತುಂಡು ಹುಡುಕಿದೆ. ಕಟ್ಟಿಗೇದು. ಮುರಿದ ಜಾಗದಾಗ ಒಂದು ಮೊಳೆ, ಅದಕ್ಕೆ ಚೆಂಡುಹೂವಿನ ದಾರದ ಎಳೆ, ಸುತ್ತ ಮೆತ್ತಿದ ಕುಂಕುಮ. ಆಯುಧ ಪೂಜೆಗೆ ವಿಮಾನಕ್ಕೆ ಹಾರ ಹಾಕಿಸಿದ್ದು ಅದೇ ವಾಮದೇವಪ್ಪ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತ್ತು ನೋಡ್ರಿ.

ತುಂಡನ್ನ ಸೆರಗಿನಾಗ ಸುತ್ಕೊಂಡು ಠಾಣೆಗೆ ಹೋದೆ. ಕೈಗೆ ಪಟ್ಟಿ ಕಟ್ಕೊಂಡು ಪೈಲಟ್ ಸಾಹೇಬ ಕೂತಿದ್ದ, ಪಕ್ಕದಾಗ ವಾಮದೇವಪ್ಪ. ತುಂಡು ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಸಾಹೇಬ ಬೆರಳಾಡಿಸಿ ನೋಡಿದ. ಸೀಳು ಮೊಳೆಯಿಂದಲೇ ಶುರುವಾಗಿತ್ತು. ಬೆಳಿಗ್ಗೆ ಪೂಜೆ ಹೂವು ಕಿತ್ತು ಹಾಕಿ ವಿಮಾನ ಹತ್ತಿದ್ದೆ, ಕುಂಕುಮದ ಕೆಳಗೆ ಮೊಳೆ ಕಾಣಲಿಲ್ಲ ಅಂದ. ಯಾರು ಹೊಡೆದದ್ದು ಅಂತ ಕೇಳಿದ.

"ಹಾರ ಜಾರ್ತಿತ್ತು ಸಾಹೇಬ್ರೇ," ಅಂದ ವಾಮದೇವಪ್ಪ. "ದೇವರ ಕೆಲಸಕ್ಕೆ ಹೊಡೆದ ಮೊಳೆ. ಅದರಿಂದ ಹೆಂಗೆ ಮುರೀತೈತೆ?"

ನಾನೇ ಅಂದೆ, "ಯಜಮಾನ್ರೇ, ನಾವೂ ಎತ್ತಿಗೆ ಹಾರ ಹಾಕ್ತೀವಿ. ಕೊಂಬಿಗೆ ಮೊಳೆ ಹೊಡೆಯಲ್ಲ."

ಹನುಮಂತಪ್ಪನ್ನ ಬಿಟ್ರು. ತಪ್ಪಾಯ್ತು ಅಂತ ಒಬ್ಬನೂ ಅನ್ನಲಿಲ್ಲ. ನನ್ನ ಗಂಡ ತಲೆ ತಗ್ಗಿಸಿ ಹೊರಗೆ ನಡೆದ, ಬದುಕಿದ್ದೇ ಸಾಕು ಬಾ ಅಂತ ನನ್ನ ಕೈ ಎಳೆದ. ನಾನು ಹೋಗಲಿಲ್ಲ. ಸಾಕ್ಷಿ ಅಂತ ಗೋಡೆಗೆ ನೇತು ಹಾಕಿದ್ದ ಕವಣೆ ಕಡೆ ಕೈ ಮಾಡಿದೆ.

"ಅದನ್ನ ಇಳಿಸಿ ಕೊಡ್ರಿ," ಅಂದೆ. "ಜ್ವಾಳ ಇನ್ನೂ ಹೊಲದಾಗೈತೆ."